ಒಂದು ಕಾಮಗಾರಿ, ಹತ್ತು ವಿಮೆ

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಪಂಜರ ಸ್ಕೂಟರಿನ ಮೇಲೆ ಉರುಳಿ ತಾಯಿ, ಮಗು ಸತ್ತರು. ಊರೆಲ್ಲ ಕೂಗೆದ್ದಿತು, ಮೆಟ್ರೋ ನಿಗಮ 20 ಲಕ್ಷ ಪರಿಹಾರ ಘೋಷಿಸಿತು. ಸರಿ ಸ್ವಾಮಿ, ಸುದ್ದಿಯಾಗದ ಅವಘಡಗಳ ಗತಿಯೇನು? ಸೇತುವೆಯ ಸಾರುವೆ ಕುಸಿದು ಅಂಗಡಿಯ ಶೀಟು ಮುರಿದರೆ ಯಾರ ಬಾಗಿಲು ತಟ್ಟೋದು?

ಇಲಾಖೆ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ಉಪಗುತ್ತಿಗೆದಾರನನ್ನು. ಒಬ್ಬೊಬ್ಬರದು ಒಂದೊಂದು ವಿಮಾ ಕಂಪನಿಯಾದರೆ ಅವರ ಜಗಳ ಮುಗಿಯುವಷ್ಟರಲ್ಲಿ ಅಂಗಡಿಯವನು ಕದ ಹಾಕಿರುತ್ತಾನೆ.

ಅಮೆರಿಕದ ಬಾಸ್ಟನ್ನಿನಲ್ಲಿ ಊರಿನಡಿ ಹೆದ್ದಾರಿ ಸುರಂಗ ಕೊರೆದಾಗ ಕಾಮಗಾರಿಯ ಯಜಮಾನರೇ ಗುತ್ತಿಗೆದಾರರನ್ನೆಲ್ಲ ಸೇರಿಸಿ ಒಟ್ಟು ವಿಮೆ ಮಾಡಿಸಿದರು. ಸಗಟು ಖರೀದಿಯ ಲೆಕ್ಕವೇ ಇದು: ದರದಲ್ಲಿ ಚೌಕಾಸಿಗೆ ಜಾಗ, ಕೇಳಲು ಒಂದೇ ಬಾಗಿಲು. ಅಪಾಯವೂ ಇದೆ. ಕಂತು ಕಟ್ಟುವವರು ಬೇರೆಯವರಾದರೆ ಗುತ್ತಿಗೆದಾರ ಮೈಮರೆಯಬಹುದು. ಮೇಲ್ವಿಚಾರಣೆ ಬಿಗಿಯಾಗಿರಲೇಬೇಕು.

ನಮ್ಮಲ್ಲೂ ‘ಕಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್’ ಪಾಲಿಸಿ ಉಂಟು. ಇಲಾಖೆ, ಗುತ್ತಿಗೆದಾರ, ಉಪಗುತ್ತಿಗೆದಾರ ಎಲ್ಲರನ್ನೂ ಅದರಲ್ಲಿ ಸೇರಿಸಬಹುದು. ದಾರಿಹೋಕರ, ನೆರೆಯವರ ನಷ್ಟಕ್ಕೂ ಅದರಲ್ಲೊಂದು ಭಾಗವಿದೆ. ಆದರೆ ಪಾಲಿಸಿ ಕಚೇರಿಯ ಕಪಾಟಿನಲ್ಲಿದ್ದರೆ ಬಸ್ಸಿಗೆ ಕಾಯುವವನಿಗೇನು ಬಂತು? ಕಾಮಗಾರಿಯ ಫಲಕದ ಮೇಲೆ ಅಂದಾಜು ಮೊತ್ತದ ಪಕ್ಕದಲ್ಲೇ ಪಾಲಿಸಿ ನಂಬರು, ಕಂಪನಿಯ ಹೆಸರು ಬರೆಸಲಿ. ಖರ್ಚು ಒಂದು ಡಬ್ಬಿ ಬಣ್ಣ ಅಷ್ಟೆ.