ಆರು ತಿಂಗಳು ಬಿಟ್ಟು ಬಾ

ಕಾಲೇಜಿನ ರಕ್ತದಾನ ಶಿಬಿರದಲ್ಲಿ ನಾವೆಲ್ಲ ಉತ್ಸಾಹದಿಂದ ಸಾಲು ನಿಲ್ಲುತ್ತೇವೆ. ಕೊಟ್ಟ ರಕ್ತವನ್ನು ಪರೀಕ್ಷಿಸಿದಾಗಲೇ ಕೆಲವರಿಗೆ ತಮ್ಮಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆಯೆಂದು ಮೊದಲ ಸಲ ತಿಳಿಯುತ್ತದೆ. ನನ್ನ ಗೆಳೆಯನೊಬ್ಬನಿಗೂ ಹಾಗೇ ತಿಳಿಯಿತು.

ಡಾಕ್ಟರು ಎಲ್ಲ ನೋಡಿ, "ಈಗ ಮಾತ್ರೆ ಬೇಡ, ಆರು ತಿಂಗಳು ಬಿಟ್ಟು ಬಾ" ಅಂದರು. ವೈದ್ಯಶಾಸ್ತ್ರದ ಪ್ರಕಾರ ಅದು ಸರಿಯಾದ ಮಾತೇ. ಈ ವೈರಸ್ ಇರುವ ಎಲ್ಲರಿಗೂ ಔಷಧ ಬೇಕಿಲ್ಲ. ಬೇಕಾದವರಿಗೆ ಟೆನೊಫೊವಿರ್‌ನಂಥ ಮಾತ್ರೆಗಳಿವೆ. ಅವು ವೈರಸ್ಸನ್ನು ಹತ್ತಿಕ್ಕುತ್ತವೆ, ಪೂರ್ತಿ ಹೊರಹಾಕುವುದು ಅಪರೂಪ. ಆದರೆ ಆ ಆರು ತಿಂಗಳನ್ನು ಅವನು ಕಳೆಯುವುದು ಹೇಗೆ? ಲಿವರ್ ಕೆಟ್ಟೀತೇ, ಕ್ಯಾನ್ಸರ್ ಬಂದೀತೇ, ಹೆಣ್ಣು ಯಾರು ಕೊಟ್ಟಾರು? ರಾತ್ರಿಯಿಡೀ ಇದೇ ಜಪ. ನಿದ್ದೆ ಹೋಯಿತು, ಊಟ ಸೇರದಾಯಿತು. "ಏನೂ ಆಗಿಲ್ವಲ್ಲ ಮಾರಾಯ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತಿ?" ಅಂದವರೇ ಎಲ್ಲ. ಅತ್ತ ಮನೆಯಲ್ಲಿ ಅವನ ತಟ್ಟೆ, ಲೋಟ ಬೇರೆಯಾದವು.

ಈ ವೈರಸ್ ತಟ್ಟೆಯಿಂದಾಗಲಿ, ಅಪ್ಪುಗೆಯಿಂದಾಗಲಿ ಹರಡುವುದಿಲ್ಲ. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಬೇರೆ ಇರಲಿ, ಅದು ಸರಿ. ಉಳಿದಂತೆ ಮನೆಯವರಿಗೆ ಬೇಕಾದ್ದು ಲಸಿಕೆ; ಬೇರೆ ತಟ್ಟೆಯಲ್ಲ.

ಹಿಂದೆ ಇದಕ್ಕೆ ಇಂಟರ್‌ಫೆರಾನ್ ಚುಚ್ಚುಮದ್ದು ಹೆಚ್ಚು ಬಳಕೆಯಲ್ಲಿತ್ತು. ಅದರಿಂದ ಖಿನ್ನತೆ ಬರಬಹುದೆಂದು ಡಾಕ್ಟರುಗಳಿಗೆ ಗೊತ್ತಿತ್ತು, ರೋಗಿಯ ಮನಸ್ಸಿನ ಮೇಲೂ ಕಣ್ಣಿಡಬೇಕಿತ್ತು. ಔಷಧ ತಂದ ಖಿನ್ನತೆಯನ್ನು ವಿಚಾರಿಸಬೇಕು, ಜನ ತಂದ ಖಿನ್ನತೆಯನ್ನು ವಿಚಾರಿಸಬೇಕಿಲ್ಲ ಎಂದರೆ ಇದ್ಯಾವ ನ್ಯಾಯ?

2018ರಲ್ಲಿ ಕೇಂದ್ರ ಸರಕಾರ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಪರೀಕ್ಷೆ, ಔಷಧಗಳನ್ನು ಉಚಿತ ಮಾಡಿತು. ಬಹಳ ಒಳ್ಳೆಯದು. ಅದರ ಜತೆ ಪ್ರತಿ ತಪಾಸಣೆಯಲ್ಲೂ ಎರಡು ಪ್ರಶ್ನೆ ಕೇಳಲಿ ಎಂಬುದು ನನ್ನ ವಾದ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತೆ? ಮನಸ್ಸು ಕುಗ್ಗಿತ್ತೆ? ಖಿನ್ನತೆಯನ್ನು ಗುರುತಿಸಲು ವೈದ್ಯರು ಬಳಸುವ ಪ್ರಶ್ನೆಗಳೇ ಇವು. "ಹೊರಗೆ ನೂರು ಜನ ಕಾಯ್ತಿದ್ದಾರೆ, ಪುರುಸೊತ್ತೆಲ್ಲಿ?" ಅನ್ನಬಹುದು. ಒಂದು ನಿಮಿಷ ಸಾಕು. ಮನಸ್ಸು ಸೋತವನು ಮುಂದಿನ ತಪಾಸಣೆಗೇ ಬರದಿದ್ದರೆ ಉಚಿತ ಔಷಧ ಯಾರಿಗೆ?

ನಾವೇನು ಮಾಡಬಹುದು? ಗುಟ್ಟನ್ನು ಗುಟ್ಟಾಗಿಡೋಣ. ಅವನು ಹೇಳಿಕೊಂಡರೆ ಉಪದೇಶ ಮಾಡದೆ ಕೇಳೋಣ. ಕ್ಯಾಂಟೀನಿನಲ್ಲಿ ಎಂದಿನಂತೆ ಒಂದೇ ತಟ್ಟೆಯಿಂದ ತಿನ್ನೋಣ. ಆಸ್ಪತ್ರೆಗೆ ಹೋಗುವ ದಿನ ಜತೆಗೆ ಹೋಗೋಣ. ಆರು ತಿಂಗಳು ಒಬ್ಬನೇ ಕಾಯುವುದು ಬಹಳ ಉದ್ದ.