ಹೊಗೆಯಿಲ್ಲದ ಮದ್ದು ಹೊಗೆಯಾಡುವುದೇಕೆ?

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ನಮ್ಮ ಹಿರಿಯರ ಮಾತು. ಆದರೆ ಬೆಂಕಿ ಚೆನ್ನಾಗಿ ಹೊತ್ತಿದಷ್ಟೂ ಹೊಗೆ ಕಡಿಮೆಯಾಗುತ್ತದೆ ಎಂಬುದನ್ನು ಒಲೆಯ ಮುಂದೆ ಕುಳಿತ ಗೃಹಿಣಿಯರೆಲ್ಲರೂ ಬಲ್ಲರು. ಹಸಿಕಟ್ಟಿಗೆ ಕಣ್ಣುರಿಸುತ್ತದೆ, ಒಣಕಟ್ಟಿಗೆ ಧಗಧಗಿಸುತ್ತದೆ. ಗುರಿ ಹೊಡೆಯುವ ಪಂದ್ಯಗಳಲ್ಲಿ ಬಳಸುವ ರಿವಾಲ್ವರಿನ ತೋಟಾಗಳ ರಹಸ್ಯವೂ ಬಹುಮಟ್ಟಿಗೆ ಇದೇ ಆಗಿದೆ.

ಕೋವಿಯ ಹೊಗೆಗೂ ಸಂಸಾರವಂದಿಗರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನವನ್ನೂ, 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚುಗಳನ್ನೂ ಗೆದ್ದ ಮೇಲೆ ಈ ಕ್ರೀಡೆಯು ಅನೇಕ ಮನೆಗಳ ಮಾತುಕತೆಯೊಳಕ್ಕೆ ಬಂದಿದೆ. ಅವರು ಪದಕ ಗೆದ್ದದ್ದು ಗಾಳಿಯ ಒತ್ತಡದಿಂದ ಸಿಡಿಯುವ ಆಯುಧಗಳಿಂದ. ಅಲ್ಲಿ ಮದ್ದೂ ಇಲ್ಲ, ಹೊಗೆಯೂ ಇಲ್ಲ. ಆದರೆ 25 ಮೀಟರಿನ ಪಂದ್ಯಗಳಲ್ಲಿ ಮದ್ದು ತುಂಬಿದ ತೋಟಾಗಳೇ ಬೇಕು.

ನಮ್ಮ ಸೀಮೆಯಲ್ಲಿ ಮದ್ದಿನ ನೆನಪು ಹಳೆಯದು, ಕಹಿಯಾದುದು. ಬ್ರಿಟಿಷರು 1857ರಲ್ಲಿ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ಬೇಟೆಯೇ ಬಾಳಾಗಿದ್ದವರಿಗೆ ಆಯುಧವನ್ನು ಒಪ್ಪಿಸುವುದೆಂದರೆ ಅನ್ನದ ತಟ್ಟೆಯನ್ನು ಒಪ್ಪಿಸಿದಂತೆ. ಆ ವರ್ಷದ ನವೆಂಬರಿನ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಆ ವೀರರ ಹೆಸರುಗಳನ್ನು ಲಾವಣಿಯು ಇಂದಿಗೂ ಉಳಿಸಿಕೊಂಡಿದೆ.

ಆ ಕಾಲದ ಕೋವಿಗಳಿಗೆ ಇದ್ದುದು ಕರಿಮದ್ದು ಒಂದೇ: ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಅದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಅನಿಲವಾಗುವುದಿಲ್ಲ. ಪೊಟ್ಯಾಸಿಯಂ ಲವಣಗಳ ನುಣ್ಣನೆಯ ಪುಡಿಯಾಗಿ ಬೆಳ್ಳಗೆ ಹರಡುತ್ತದೆ. ಹೊಡೆದವನಿಗೆ ಗುರಿ ಕಾಣದು; ಆದರೆ ಹೊಡೆದವನು ಎಲ್ಲಿರುವನೆಂಬುದು ಎದುರಾಳಿಗೆ ಕಾಣುತ್ತದೆ. ಮರೆಯಲ್ಲಿ ನಿಂತು ಕಾದುವವನಿಗೆ ಇದಕ್ಕಿಂತ ದೊಡ್ಡ ವೈರಿ ಬೇರೆ ಬೇಕೆ?

ಇದಕ್ಕೆ ಪರಿಹಾರ ದೊರೆತದ್ದು ಹತ್ತಿಯಿಂದ ಎಂದರೆ ರಬಕವಿ-ಬನಹಟ್ಟಿಯ ನೇಕಾರ ಬಂಧುಗಳು ಅಚ್ಚರಿಪಡಬಹುದು. ಮಗ್ಗದ ಮೇಲೆ ಸೀರೆಯಾಗುವ ಹತ್ತಿಯೇ ಆಮ್ಲಗಳ ಕ್ರಿಯೆಗೊಳಗಾದರೆ ಸಿಡಿಯುವ ವಸ್ತುವಾಗುವುದೆಂದು 1846ರಲ್ಲಿ ಷೋನ್‌ಬೈನ್ ಎಂಬ ರಸಾಯನಜ್ಞನು ತೋರಿಸಿದನು. ಅದನ್ನು ಪಳಗಿಸಿ, ಕೋವಿಗೆ ತಕ್ಕ ಹೊಗೆರಹಿತ ಮದ್ದಾಗಿ ಮಾಡಿದ ಕೀರ್ತಿ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್‌ನಿಗೆ ಸಂದಿತು. ಈ ಮದ್ದು ಉರಿದಾಗ ಬಹುತೇಕ ಎಲ್ಲವೂ ಕಣ್ಣಿಗೆ ಕಾಣದ ಅನಿಲವೇ ಆಗುತ್ತದೆ.

ಹಾಗಿದ್ದರೂ ಪಂದ್ಯದ ರಿವಾಲ್ವರಿನ ಬಾಯಿಂದ ಹೊಗೆ ಏಳುವುದುಂಟು. ಕಾರಣಗಳು ಎರಡು. ಕೈ ಅದುರದಿರಲೆಂದು ಗುರಿಕಾರರು ಕಡಿಮೆ ಮದ್ದಿನ ಹಗುರ ತೋಟಾಗಳನ್ನು ಬಯಸುತ್ತಾರೆ. ಆದರೆ ಹಲವು ರಿವಾಲ್ವರ್ ತೋಟಾಗಳ ಚಿಪ್ಪಿನ ಅಳತೆಯು ಹೆಚ್ಚು ಜಾಗ ಹಿಡಿಯುವ ಕರಿಮದ್ದಿನ ಕಾಲದಲ್ಲಿಯೇ ನಿಂತದ್ದು. ದೊಡ್ಡ ಕೋಣೆಯಲ್ಲಿ ಒಂದು ಹಿಡಿ ಮದ್ದು, ಒತ್ತಡ ಸಾಲದು. ಒತ್ತಡ ಸಾಲದಾಗ ಹೊಗೆರಹಿತ ಮದ್ದು ಹಸಿಕಟ್ಟಿಗೆಯಂತೆ ಅರೆಬೆಂದು, ಮಸಿಯನ್ನೂ ಉರಿಯದ ಕಾಳುಗಳನ್ನೂ ಬಿಡುತ್ತದೆ. ಇದು ಮೊದಲನೆಯದು.

ಎರಡನೆಯದೇ ಹೆಚ್ಚಿನದು. ಪಂದ್ಯದ ಗುಂಡು ಸಾಮಾನ್ಯವಾಗಿ ಬರಿಯ ಸೀಸದ್ದು. ನಳಿಗೆಗೆ ಸೀಸವು ಮೆತ್ತದಿರಲೆಂದು ಅದಕ್ಕೆ ಮೇಣವನ್ನೋ ಕೊಬ್ಬನ್ನೋ ಬಳಿದಿರುತ್ತಾರೆ. ಕಾದ ಅನಿಲ ತಗುಲಿದೊಡನೆ ಅದು ಆವಿಯಾಗಿ, ಹೊರಗಿನ ತಂಪಿಗೆ ಮತ್ತೆ ಹನಿಗಟ್ಟಿ ಹೊಗೆಯಾಗುತ್ತದೆ. ಆರಿಸಿದ ಮೇಣದಬತ್ತಿಯ ತುದಿಯಿಂದ ಏಳುವ ಬಿಳಿಯ ಎಳೆಯೂ ಇದೇ ಜಾತಿಯದು. ಜನರು ಮದ್ದನ್ನು ದೂರುತ್ತಾರೆ, ತಪ್ಪು ಮೇಣದ್ದು!

ರೋಗ ತಿಳಿದ ಮೇಲೆ ಮದ್ದು ಸುಲಭ. ಕಡಿಮೆ ಒತ್ತಡದಲ್ಲಿಯೂ ಬೇಗ ಉರಿಯುವ ಮದ್ದು, ಮಿತವಾದ ಲೇಪನ, ಮೇಣದ ಬದಲು ಒಣ ಪಾಲಿಮರ್ ಪದರ ಅಥವಾ ತಾಮ್ರದ ಹೊದಿಕೆಯುಳ್ಳ ಗುಂಡು—ಇವುಗಳಿಂದ ಹೊಗೆ ಬಹಳಷ್ಟು ಇಳಿಯುತ್ತದೆ. ಅಮೆರಿಕದಲ್ಲಿ ಹವ್ಯಾಸಿಗಳು ಮನೆಯಲ್ಲಿಯೇ ತೋಟಾ ತುಂಬುವರು. ನಮ್ಮಲ್ಲಿ 1959ರ ಆಯುಧ ಕಾಯಿದೆಯ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಒಂದು ಚಿಟಿಕೆ ಹೆಚ್ಚಾದರೆ ಕೈಬೆರಳು ಹೋಗುವ ಕೆಲಸವಾದುದರಿಂದ ಈ ನಿರ್ಬಂಧವನ್ನು ದೂರಬೇಕಾದುದಿಲ್ಲ. ನಮ್ಮ ಗುರಿಕಾರರಿಗೆ ಉಳಿದಿರುವುದು ಕಾರ್ಖಾನೆಯ ತೋಟಾಗಳಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುವ ದಾರಿ.

ಆದರೆ ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಹೊಗೆ ಕೇಡಿನದು. ಬರಿಯ ಸೀಸದ ಗುಂಡಿನ ಬೆನ್ನು ಬಿಸಿಗೆ ಸವೆಯುತ್ತದೆ. ತೋಟಾಕ್ಕೆ ಕಿಡಿ ಹಚ್ಚುವ ಪುಟ್ಟ ಟೋಪಿಯಲ್ಲಿಯೂ ಸಾಧಾರಣವಾಗಿ ಸೀಸದ ಸಂಯುಕ್ತವಿರುತ್ತದೆ. ಎರಡೂ ಧೂಳಾಗಿ ಗಾಳಿಯಲ್ಲಿ ಸೇರುತ್ತವೆ. ಇಷ್ಟು ಸೀಸದಿಂದ ಅಪಾಯವಿಲ್ಲವೆಂದು ಹೇಳಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗಂತೂ ಅದು ನೇರ ಶತ್ರು. ಧೂಳು ಅಪ್ಪನ ಅಂಗಿಗೆ ಅಂಟಿ ಮನೆಗೆ ಬಂದರೆ, ಅವನ ತೊಡೆಯೇರಿದ ಕೂಸಿಗೆ ಅದು ತಲುಪಿತೆಂದೇ ತಿಳಿಯಬೇಕು.

ಆದುದರಿಂದ ಮಕ್ಕಳನ್ನು ಶಿಕ್ಷಣಕ್ಕೆ ಕಳುಹಿಸುವ ತಂದೆತಾಯಿಗಳು ಅಂಗಳದ ಗಾಳಿಯ ವ್ಯವಸ್ಥೆಯನ್ನು ಮೊದಲು ವಿಚಾರಿಸಲಿ. ಗಾಳಿಯು ಗುರಿಕಾರನ ಬೆನ್ನಿನಿಂದ ಗುರಿಯ ಕಡೆಗೆ ಸಾಗುವಂತಿರಬೇಕು. ಅಭ್ಯಾಸ ಮುಗಿದೊಡನೆ ಸಾಬೂನಿನಿಂದ ಕೈ, ಮುಖ ತೊಳೆಯದೆ ಏನನ್ನೂ ತಿನ್ನಬಾರದು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಪೊರಕೆಯಿಂದ ಗುಡಿಸಿದರೆ ಧೂಳು ಮತ್ತೆ ಮೇಲೇಳುವುದರಿಂದ ನೆಲವನ್ನು ಒದ್ದೆಬಟ್ಟೆಯಿಂದಲೇ ಒರೆಸಬೇಕು.

ಹಲಗಲಿಯವರ ಪಾಲಿಗೆ ಕೋವಿಯು ಬದುಕಿನ ಪ್ರಶ್ನೆಯಾಗಿತ್ತು. ಇಂದಿನ ಗುರಿಕಾರನಿಗೆ ಅದು ಕ್ರೀಡೆ. ಕ್ರೀಡೆಗಾಗಿ ಕೂಸಿನ ಆರೋಗ್ಯವನ್ನು ಪಣಕ್ಕಿಡುವುದು ಯಾವ ಜಾಣನಿಗೂ ಒಪ್ಪದು.