ಕಿರಿಯರ ಕೈಗೊಂದು ಕಾದಂಬರಿ

ಶಾಲೆಯ ಗ್ರಂಥಾಲಯದ ಬೀರುವಿನ ಮುಂದೆ ನಿಂತ ಆರನೆಯ ತರಗತಿಯ ಬಾಲಕ “ಯಾವ ಪುಸ್ತಕ ತೆಗೆದುಕೊಳ್ಳಲಿ?” ಎಂದು ಕೇಳಿದಾಗ ಅವನಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: “ಯಾವುದಾದರೂ ಒಳ್ಳೆಯ ಪುಸ್ತಕ ತೆಗೆದುಕೋ.” ಉತ್ತರ ಕೊಟ್ಟವರ ಕರ್ತವ್ಯ ಅಲ್ಲಿಗೆ ಮುಗಿಯಿತು. ಬಾಲಕನಿಗೆ ಮಾತ್ರ ದಾರಿ ಕಾಣಲಿಲ್ಲ. ಕಾಗೆ, ನರಿಗಳ ಕಥೆಗಳನ್ನು ಅವನು ದಾಟಿ ಬಂದಿದ್ದಾನೆ. ದೊಡ್ಡವರ ಕಾದಂಬರಿಗಳ ಗಾತ್ರವನ್ನು ಕಂಡರೆ ಅಂಜುತ್ತಾನೆ. ಹತ್ತರಿಂದ ಹದಿಮೂರರವರೆಗಿನ ಈ ವಯಸ್ಸು ಓದಿನ ಮಟ್ಟಿಗೆ ಹೊಳೆಯ ನಡುವಿನ ಮರಳುದಿಣ್ಣೆಯಂಥದು. ಇಲ್ಲಿ ಕೈಹಿಡಿಯುವವರು ಸಿಕ್ಕಿದರೆ ಮಗು ಆಚೆಯ ದಡವನ್ನು ಸೇರಿ ಜೀವಮಾನವಿಡೀ ಓದುಗನಾಗಿ ಉಳಿಯಬಹುದು. ಸಿಗದಿದ್ದರೆ, ಪಠ್ಯಪುಸ್ತಕದ ಹೊರಗೆ ಒಂದು ಪುಸ್ತಕವನ್ನೂ ಪೂರ್ತಿಯಾಗಿ ಓದದೆಯೇ ಅದು ದೊಡ್ಡದಾಗಿಬಿಡುತ್ತದೆ. ಅಂಥವರ ಸಂಖ್ಯೆ ಸಣ್ಣದಲ್ಲ.

ಹಿರಿಯರಿಗೆ ಮಕ್ಕಳ ಹಿತದಲ್ಲಿ ಕಾಳಜಿಯಿಲ್ಲವೆಂದು ಹೇಳುವಂತಿಲ್ಲ. ಆದರೆ ಆ ಕಾಳಜಿಯೇ ಹಲವು ವೇಳೆ ಅಡ್ಡಿಯಾಗುತ್ತದೆ. ಈ ಪುಸ್ತಕದಿಂದ ಯಾವ ನೀತಿ ದೊರೆಯುವುದು, ಭಾಷೆ ಎಷ್ಟು ಸುಧಾರಿಸುವುದು, ಪರೀಕ್ಷೆಗೆ ಏನು ಪ್ರಯೋಜನ ಎಂದು ಲೆಕ್ಕ ಹಾಕಿ ಅವರು ಪಟ್ಟಿ ಸಿದ್ಧಪಡಿಸುತ್ತಾರೆ. ಪಟ್ಟಿಯಲ್ಲಿರುವ ಪುಸ್ತಕಗಳನ್ನು ಓದಿ ಅವರಿಗೆ ಎಷ್ಟೋ ವರ್ಷಗಳಾಗಿರುತ್ತವೆ. ಕೆಲವನ್ನು ಓದಿಯೇ ಇರುವುದಿಲ್ಲ. ಓದದ ಪುಸ್ತಕವನ್ನು ಹೊಗಳುವುದು ಬಹು ಸುಲಭ; ಅದರ ಬೇಸರದ ಪುಟಗಳು ಎಲ್ಲಿವೆಯೆಂಬುದು ಹೊಗಳುವವನಿಗೆ ಗೊತ್ತಿರುವುದಿಲ್ಲವಲ್ಲ! ಅದು ಗೊತ್ತಿರುವುದು, ಈಚೆಗಷ್ಟೇ ಆ ಪುಟಗಳಲ್ಲಿ ಸಿಕ್ಕಿಕೊಂಡು ಹೊರಬಂದವನಿಗೆ. ಆದ್ದರಿಂದ ಆರನೆಯ ತರಗತಿಯವನಿಗೆ ಕಾದಂಬರಿಯೊಂದನ್ನು ಸೂಚಿಸಲು ಎಲ್ಲರಿಗಿಂತ ತಕ್ಕವನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ.

ಇದು ಎಳೆಯರನ್ನು ಮೆಚ್ಚಿಸಲು ಆಡಿದ ಮಾತಲ್ಲ. 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ನರ ಬಳಿಗೆ ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರು ಬರೆದ ಮಕ್ಕಳ ಕಥೆಯ ಹಸ್ತಪ್ರತಿ ಬಂದಿತು. ಅನ್ವಿನ್ನರು ಅದನ್ನು ತಮ್ಮ ಹತ್ತು ವರ್ಷದ ಮಗ ರೇನರನ ಕೈಗಿತ್ತರು. ಓದಿ ಅಭಿಪ್ರಾಯ ಬರೆದುಕೊಟ್ಟರೆ ಒಂದು ಷಿಲ್ಲಿಂಗ್ ಸಂಭಾವನೆ. ಬಾಲಕ ಕಥೆಯನ್ನು ಮೆಚ್ಚಿ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಇದು ಹಿಡಿಸುವುದೆಂದು ಬರೆದುಕೊಟ್ಟನು. ತಾನು ಹತ್ತು ವರ್ಷದವನಾದುದರಿಂದ ಅದು ತನಗಿಂತ ಕಿರಿಯರಿಗೆ ತಕ್ಕುದೆಂಬ ಗತ್ತು ಆ ಮಾತಿನಲ್ಲಿದೆ. 1937ರಲ್ಲಿ ಪುಸ್ತಕ ಅಚ್ಚಾಯಿತು. ಅದೇ ಜೆ. ಆರ್. ಆರ್. ಟೋಲ್ಕಿನ್ನರ ‘ದಿ ಹಾಬಿಟ್’. ಅದೇ ರೇನರ್ ಬೆಳೆದು ತಂದೆಯ ಸಂಸ್ಥೆಯನ್ನು ಸೇರಿ, ಸಾವಿರ ಪೌಂಡ್ ನಷ್ಟವಾದರೂ ಆಗಲೆಂದು ತಂದೆಯನ್ನು ಒಪ್ಪಿಸಿ, 1954-55ರಲ್ಲಿ ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಹಾಕಾದಂಬರಿಯನ್ನು ಹೊರತಂದನು. ಹತ್ತು ವರ್ಷದವನ ತೀರ್ಪನ್ನು ನಂಬಿದ ತಂದೆಗೆ ನಷ್ಟವೇನೂ ಆಗಲಿಲ್ಲ.

ಹಾಗಾದರೆ ಕನ್ನಡದ ಬಾಲಕನ ಕೈಗೆ ಮೊದಲು ಕೊಡಬೇಕಾದ ಕಾದಂಬರಿ ಯಾವುದು? ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಎಂದು ಧೈರ್ಯವಾಗಿ ಹೇಳಬಹುದು. 1980ರಲ್ಲಿ ಪ್ರಕಟವಾದ ಈ ಕೃತಿಯನ್ನು ತೇಜಸ್ವಿಯವರು ಮಕ್ಕಳಿಗೆಂದು ಬರೆಯಲಿಲ್ಲ. ಆದರೂ ಮಕ್ಕಳಿಗೆ ಬೇಕಾದುದೆಲ್ಲ ಅದರಲ್ಲಿದೆ. ಮೂಡಿಗೆರೆಯ ಕಾಡಿದೆ, ಜೇನುಹುಳುಗಳಿವೆ, ಕಿವಿ ಎಂಬ ನಾಯಿಯಿದೆ. ಹಾರುವ ಓತಿಯೊಂದನ್ನು ಅರಸಿ ಹೊರಟ ವಿಚಿತ್ರ ಜನರ ತಂಡವಿದೆ. ಹಾರುವ ಓತಿ ಕಟ್ಟುಕಥೆಯ ಪ್ರಾಣಿಯಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಅದು ಇಂದಿಗೂ ಕಾಣಸಿಗುತ್ತದೆ. ಪಕ್ಕೆಲುಬುಗಳ ಆಧಾರದ ಮೇಲೆ ಚಾಚಿಕೊಳ್ಳುವ ಚರ್ಮವನ್ನು ಬಿಚ್ಚಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತದೆ. ಮಲೆನಾಡಿನ ಬಾಲಕ ಪುಸ್ತಕ ಮುಚ್ಚಿ ತೋಟಕ್ಕೆ ಹೋದರೆ ಅವನ ಕಣ್ಣು ತಾನಾಗಿ ಮರದ ಕಾಂಡದ ಮೇಲೆ ಓಡಾಡುವುದು. ಬಯಲುಸೀಮೆಯ ಬಾಲಕನಾದರೆ ತನ್ನ ಊರಿನ ಬೇಲಿಯ ಮೇಲಿನ ಓತಿಕ್ಯಾತವನ್ನೇ ಮೊದಲ ಬಾರಿಗೆ ಸರಿಯಾಗಿ ನೋಡಿಯಾನು.

ಇದಕ್ಕಿಂತ ದೊಡ್ಡ ಆಕರ್ಷಣೆ ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಅಬ್ಬೇಪಾರಿ. ವಿಜ್ಞಾನಿ ಕರ್ವಾಲೊ ಅವನಲ್ಲಿ ಕಾಣುವುದು ಹುಟ್ಟು ನಿಸರ್ಗತಜ್ಞನನ್ನು. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ದಡ್ಡನೆಂಬ ಹೆಸರು ಹೊತ್ತ ಮಗುವಿನ ಮೇಲೆ ಈ ಒಂದು ಪಾತ್ರ ಮಾಡುವ ಪರಿಣಾಮವನ್ನು ನೂರು ನೀತಿಪಾಠಗಳು ಮಾಡಲಾರವು. ಅದೇ ಮಂದಣ್ಣ ಕಳ್ಳಬಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿಬೀಳುವುದೂ ಪುಸ್ತಕದಲ್ಲಿದೆ. ಇದನ್ನು ಕಂಡು ಕೆಲವು ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಆದರೆ ಹಳ್ಳಿಯ ಮಗುವಿಗೆ ಸಾರಾಯಿಯ ವಿಷಯವನ್ನು ಕಾದಂಬರಿ ಹೇಳಿಕೊಡಬೇಕಾಗಿಲ್ಲ. ತಪ್ಪು ಮಾಡಿದ ಮನುಷ್ಯನಲ್ಲಿಯೂ ಅಪೂರ್ವವಾದ ಗುಣವಿರಬಹುದೆಂಬುದನ್ನು ಮಾತ್ರ ಕಾದಂಬರಿಯೇ ತೋರಿಸಬೇಕಾಗಿದೆ. ಓತಿ ಕೊನೆಗೆ ಸಿಕ್ಕಿತೇ ಇಲ್ಲವೇ ಎಂಬುದನ್ನು ಇಲ್ಲಿ ಬರೆಯುವುದು ಓದದವರಿಗೆ ಬಗೆಯುವ ದ್ರೋಹವಾದೀತು.

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಮೈಸೂರಿನಲ್ಲಿ ನೆಲೆಸಿದ್ದ ಲೇಖಕರು ಕಟ್ಟಿದ ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲಿಯೂ ಇಲ್ಲ. ಆದರೆ ಲೆಕ್ಕದ ಭಯ, ಕ್ರಿಕೆಟ್ಟಿನ ಹುಚ್ಚು, ಗೆಳೆಯನ ಮುನಿಸು ಎಲ್ಲ ಊರುಗಳಲ್ಲಿಯೂ ಇವೆ. ಸಾಹಸ ಬೇಕೆನ್ನುವವರಿಗೆ ಸ್ಟೀವನ್‌ಸನ್ನರ ‘ಟ್ರೆಷರ್ ಐಲೆಂಡ್’ ಇದೆ. 1881ರಲ್ಲಿ ಸ್ಕಾಟ್ಲೆಂಡಿನಲ್ಲಿ ಹದಿಮೂರು ವರ್ಷದ ಮಲಮಗನೊಡನೆ ಕುಳಿತು ಬಣ್ಣ ಹಚ್ಚಿದ ಒಂದು ದ್ವೀಪದ ಭೂಪಟದಿಂದ ಆ ಕಥೆ ಹುಟ್ಟಿತು. ಕನ್ನಡದಲ್ಲಿ ಮಕ್ಕಳಿಗೆಂದೇ ಕಾದಂಬರಿಗಳಿಲ್ಲವೆಂಬ ದೂರು ಈಗ ಹಳೆಯದು. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2011ರಲ್ಲಿ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ ದೊರೆಯಿತು. 2021ರಲ್ಲಿ ಬಸು ಬೇವಿನಗಿಡದರ ‘ಓಡಿಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಈ ಗೌರವವನ್ನು ಪಡೆದವು. ಕೊರತೆಯಿರುವುದು ಪುಸ್ತಕಗಳದಲ್ಲ, ಅವುಗಳ ಹೆಸರನ್ನು ಮಗುವಿನ ಕಿವಿಗೆ ಮುಟ್ಟಿಸುವವರದು.

ಇನ್ನು ಕಠಿಣವಾದ ಪ್ರಶ್ನೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಗಾತ್ರದಲ್ಲಿ ಕಿರಿದು, ಭಾಷೆಯಲ್ಲಿ ಸರಳ. ಒಂದು ತುಂಡು ನೆಲವನ್ನು ಉತ್ತು ಬೇಸಾಯಗಾರನಾಗಬೇಕೆಂಬ ಚೋಮನ ಆಸೆ ಎಳೆಯ ಮಗುವಿಗೂ ಅರ್ಥವಾಗುವಂಥದು. ಆದರೆ ಅವನ ಎಳೆಯ ಮಗ ನೀರಿನಲ್ಲಿ ಮುಳುಗುವಾಗ, ಅಸ್ಪೃಶ್ಯನೆಂಬ ಕಾರಣಕ್ಕೆ ಮುಟ್ಟಲು ಹಿಂಜರಿಯುವ ಜನ ದಡದಲ್ಲಿದ್ದಾರೆ. ಇದನ್ನು ಹನ್ನೆರಡು ವರ್ಷದ ಬಾಲಕನಿಗೆ ಕೊಡಬಹುದೇ? ಅವನ ಮನಸ್ಸು ನೋಯುವುದೆಂದು ಬಚ್ಚಿಡುವವರು ಒಂದನ್ನು ಮರೆಯುತ್ತಾರೆ. ಅಂಥ ಅವಮಾನದ ನೆನಪು ತನ್ನ ಮನೆಯಲ್ಲಿಯೇ ಇರುವ ಬಾಲಕನೂ ಅದೇ ಬೆಂಚಿನಲ್ಲಿ ಕುಳಿತಿರಬಹುದು. ಅವನಿಂದ ಏನನ್ನು ಬಚ್ಚಿಟ್ಟಂತಾಯಿತು? ಪುಸ್ತಕವನ್ನು ಕೊಡಬೇಕು. ಆದರೆ ಕೊಟ್ಟು ಮರೆತುಬಿಡುವುದು ಸಲ್ಲದು. ಓದಿ ಮುಗಿಸಿದವನು ಮರುದಿನ ಬಂದು “ಯಾರೂ ಏಕೆ ನೀರಿಗಿಳಿಯಲಿಲ್ಲ?” ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಎದುರಿಸಲು ಸಿದ್ಧವಿಲ್ಲದವರು ಈ ಪುಸ್ತಕವನ್ನು ಸೂಚಿಸದಿರುವುದೇ ಲೇಸು.

ಕಾರಂತರದೇ ‘ಬೆಟ್ಟದ ಜೀವ’ದ ವಿಷಯ ಬೇರೆ. ಅದರಲ್ಲಿ ಆಘಾತವಿಲ್ಲ, ಅವಸರವೂ ಇಲ್ಲ. ಕುಮಾರಪರ್ವತದ ಮಗ್ಗುಲಲ್ಲಿ ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯ, ಮನೆ ಬಿಟ್ಟು ಹೋದ ಮಗನಿಗಾಗಿ ಹಂಬಲಿಸುವ ಶಂಕರಮ್ಮ, ಇವರ ದುಃಖ ನಿಧಾನವಾಗಿ ಇಳಿಯುವಂಥದು. ಹನ್ನೊಂದರ ವಯಸ್ಸಿನಲ್ಲಿ ಹುಲಿಬೇಟೆಯ ಪುಟಗಳಷ್ಟೇ ರುಚಿಸಿದರೆ ತಪ್ಪೇನೂ ಇಲ್ಲ. ಪುಸ್ತಕ ಬೀರುವಿನಲ್ಲಿ ಕಾದಿರುತ್ತದೆ.

ಸಂಕ್ಷೇಪಿಸಿದ ಆವೃತ್ತಿಗಳನ್ನು ಹಲವರು ಹಳಿಯುತ್ತಾರೆ. ಬಹುಮಟ್ಟಿಗೆ ಅದು ನ್ಯಾಯವೇ. ಆದರೂ ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಸಂಕ್ಷಿಪ್ತ ರೂಪಕ್ಕೆ 1940ರ ದಶಕದಲ್ಲಿ ಚಿತ್ರ ಬರೆಯಲು ಕುಳಿತ ತರುಣ ಕಲಾವಿದ ಸತ್ಯಜಿತ್ ರಾಯರಿಗೆ, ಇದನ್ನು ಚಲನಚಿತ್ರ ಮಾಡಬಹುದೆಂದು ಹೊಳೆದದ್ದು ಅಲ್ಲಿಯೇ. ಸಣ್ಣ ಬಾಗಿಲಿನಿಂದಲೂ ದೊಡ್ಡ ಮನೆಯನ್ನು ಪ್ರವೇಶಿಸಿದವರಿದ್ದಾರೆ.

ಪುಸ್ತಕವನ್ನು ಸೂಚಿಸುವವನು ಮಗುವಿಗೆ ಕಥೆಯ ಸಾರಾಂಶವನ್ನು ಒಪ್ಪಿಸಬೇಕಾಗಿಲ್ಲ. ತನಗೆ ಹಿಡಿಸಿದ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ ತೋರಿಸಿ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಹೋದರೆ ಸಾಕು. ಕೆಲವೊಮ್ಮೆ ಅದು ಅರ್ಧ ಓದಿದ ಸ್ಥಿತಿಯಲ್ಲಿ ಹಿಂದಿರುಗುವುದು. ಆಗ “ಏಕೆ ಮುಗಿಸಲಿಲ್ಲ?” ಎಂದು ಗದರಿಸಿದರೆ ಆ ಮಗು ಮತ್ತೆ ಕೇಳಲು ಬರುವುದಿಲ್ಲ. “ಯಾವ ಪುಟದಲ್ಲಿ ನಿಲ್ಲಿಸಿದೆ?” ಎಂದು ಕೇಳಿ, ಆ ಪುಟವನ್ನು ಒಮ್ಮೆ ನೋಡಿ, ಬೀರುವಿನಿಂದ ಬೇರೊಂದನ್ನು ತೆಗೆದುಕೊಡಬೇಕು.